ಹಳೆಯ ಪ್ರವಾಸಿ ವಾಹನ: ಲೆಕ್ಕಕ್ಕೆ ಬರುವುದು ವಯಸ್ಸೋ, ಅರ್ಹತೆಯೋ?

ಬಂಟ್ವಾಳ: ಕಾರ್ತಿಕ ಮಾಸದ ಲಕ್ಷದೀಪೋತ್ಸವದ ದಿನಗಳಲ್ಲಿ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳಕ್ಕೆ ರಾಜ್ಯದ ಮೂಲೆ ಮೂಲೆಗಳಿಂದ ವಾಹನಗಳು ಬಂದು ಸೇರುತ್ತವೆ. ಹೊಸ ಹವಾನಿಯಂತ್ರಿತ ಬಸ್ಸಿನ ಪಕ್ಕದಲ್ಲಿಯೇ ಬಣ್ಣ ಮಾಸಿದ ಟೆಂಪೊ, ಅದರ ಮಗ್ಗುಲಲ್ಲಿ ತಾಡಪಾಲು ಕಟ್ಟಿದ ಹಳೆಯ ವ್ಯಾನು ನಿಲ್ಲುವುದುಂಟು. ವಾಹನದೊಳಗೇ ಮಲಗಿ, ಅದರ ನೆರಳಿನಲ್ಲೇ ಒಲೆ ಹೂಡಿ ಅಡುಗೆ ಮಾಡಿ, ನೇತ್ರಾವತಿಯಲ್ಲಿ ಮಿಂದು ದೇವರ ದರ್ಶನ ಪಡೆದು ಮುಂದಿನ ಕ್ಷೇತ್ರಕ್ಕೆ ಹೊರಡುವ ಯಾತ್ರಿಕರ ಪದ್ಧತಿ ಈ ಭಾಗದ ಜನರಿಗೆ ಹೊಸದೇನಲ್ಲ. ಪಾಶ್ಚಾತ್ಯರು 'ಕ್ಯಾರವಾನ್' ಎಂದು ಕರೆಯುವ ಸಂಚಾರಿ ಮನೆಯ ಬಡ ಸಹೋದರನೆಂದು ಇಂಥ ವಾಹನವನ್ನು ಕರೆದರೆ ತಪ್ಪಾಗಲಾರದು.

ಈ ವಾಹನಗಳನ್ನು ನಿಲುಗಡೆಯ ಜಾಗದಲ್ಲಿ ಯಾರೂ 'ನಿನ್ನ ವಯಸ್ಸೆಷ್ಟು' ಎಂದು ಕೇಳುವುದಿಲ್ಲ. ಆದರೆ ಕಾನೂನು ಕೇಳುತ್ತದೆ. ಅದೂ ಒಂದು ಬಾರಿಯಲ್ಲ, ಮೂರು ಬಾರಿ, ಮೂರು ಬೇರೆ ಬೇರೆ ಲೆಕ್ಕದಲ್ಲಿ. 'ಹದಿನೈದು ವರ್ಷವಾದರೆ ಗಾಡಿ ಗುಜರಿಗೆ' ಎಂಬ ಮಾತು ಬಿ.ಸಿ. ರೋಡ್‌ನಿಂದ ಮೂಡುಬಿದಿರೆಯವರೆಗೆ ಎಲ್ಲ ನಿಲ್ದಾಣಗಳಲ್ಲೂ ಕೇಳಿಬರುತ್ತದೆಯಾದರೂ, ಅದು ಪೂರ್ಣ ಸತ್ಯವೂ ಅಲ್ಲ, ಪೂರ್ಣ ಸುಳ್ಳೂ ಅಲ್ಲ. ಈ ಗೊಂದಲದ ಬೆಲೆ ತೆರುವವರು ಒಂದೋ ಎರಡೋ ವಾಹನ ಇಟ್ಟುಕೊಂಡು ಜೀವನ ಸಾಗಿಸುವ ಚಾಲಕ-ಮಾಲೀಕರು, ಮತ್ತು ಅವರನ್ನು ನಂಬಿ ಯಾತ್ರೆಗೆ ಹೊರಡುವ ಕುಟುಂಬಗಳು.

ಅಮೆರಿಕದ ಹತ್ತು ವರ್ಷದ ಕಟ್ಟಳೆ

ವಾಹನದ ವಯಸ್ಸು ನೋಡಿ ಬಾಗಿಲು ಮುಚ್ಚುವ ಪದ್ಧತಿ ಅಮೆರಿಕದಲ್ಲಿ ಹೆಚ್ಚು ಪ್ರಸಿದ್ಧ. ಅಲ್ಲಿ ಸಂಚಾರಿ ಮನೆಗಳನ್ನು ನಿಲ್ಲಿಸಿ ತಂಗಲು ನೀರು, ವಿದ್ಯುತ್, ಒಳಚರಂಡಿಯ ಸಂಪರ್ಕವಿರುವ ಖಾಸಗಿ ಶಿಬಿರತಾಣಗಳಿವೆ. ಇವುಗಳಲ್ಲಿ ಕೆಲವು 'ಹತ್ತು ವರ್ಷಕ್ಕಿಂತ ಹಳೆಯ ವಾಹನಕ್ಕೆ ಪ್ರವೇಶವಿಲ್ಲ' ಎಂಬ ಕಟ್ಟಳೆಯನ್ನು ಇರಿಸಿಕೊಂಡಿವೆ. ಅದು ಸರಕಾರದ ಕಾಯಿದೆಯಲ್ಲ; ಜಾಗದ ಒಡೆಯನ ಇಚ್ಛೆ ಮಾತ್ರ. ಸೋರುವ ಕೊಳವೆ, ಕೆಟ್ಟ ವಿದ್ಯುತ್ ತಂತಿ, ನಿಲ್ಲಿಸಿದಲ್ಲೇ ಬಿಟ್ಟು ಹೋಗುವ ಮುರುಕು ವಾಹನ - ಇವುಗಳ ಭಯ ಒಂದು ಕಾರಣವಾದರೆ, ತಾಣ ನೋಡಲು ಅಂದವಾಗಿರಬೇಕೆಂಬ ಆಸೆ ಇನ್ನೊಂದು.

ಕುತೂಹಲದ ಸಂಗತಿಯೆಂದರೆ, ಈ ಕಟ್ಟಳೆಯಿರುವ ತಾಣಗಳಲ್ಲಿಯೂ ಅನೇಕ ಕಡೆ ಮಾಲೀಕರು ವಾಹನದ ಭಾವಚಿತ್ರ ತರಿಸಿಕೊಂಡು, ಅಚ್ಚುಕಟ್ಟಾಗಿ ಇಟ್ಟುಕೊಂಡ ಹಳೆಯ ವಾಹನಕ್ಕೆ ಅವಕಾಶ ನೀಡುತ್ತಾರೆ. ಅಂದರೆ ಅವರಿಗೆ ಬೇಕಾದುದು ವಯಸ್ಸಿನ ಲೆಕ್ಕವಲ್ಲ, ಸ್ಥಿತಿಯ ಲೆಕ್ಕ. ಪ್ರತಿಯೊಂದು ವಾಹನವನ್ನೂ ಪರೀಕ್ಷಿಸುವ ವ್ಯವಧಾನವಿಲ್ಲದ ಕಾರಣ ವಯಸ್ಸನ್ನು ಸುಲಭದ ಅಳತೆಗೋಲನ್ನಾಗಿ ಮಾಡಿಕೊಂಡಿದ್ದಾರೆ. ಭಾರತದ ಕಾನೂನಿನ ಒಳಗೂ ಇದೇ ತೊಳಲಾಟ ಅಡಗಿದೆ.

ಮೂರು ಗಡಿಯಾರಗಳು

ಬಂಟ್ವಾಳ ಸಾರಿಗೆ ಕಚೇರಿಯಲ್ಲಿ 'ಕೆಎ 70' ಸಂಖ್ಯೆ ಪಡೆದ ಒಂದು ವಾಹನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ರಸ್ತೆಗಿಳಿದ ದಿನದಿಂದಲೇ ಅದಕ್ಕೆ ಮೂರು ಗಡಿಯಾರಗಳು ಓಡತೊಡಗುತ್ತವೆ.

ಮೊದಲನೆಯದು ನೋಂದಣಿ. 1988ರ ಮೋಟಾರು ವಾಹನಗಳ ಕಾಯಿದೆಯ 41ನೇ ಪ್ರಕರಣದಂತೆ ಸ್ವಂತ ಬಳಕೆಯ ವಾಹನದ ನೋಂದಣಿ ಪತ್ರ 15 ವರ್ಷಗಳ ಕಾಲ ಊರ್ಜಿತದಲ್ಲಿರುತ್ತದೆ. ಬಳಿಕ ವಾಹನವನ್ನು ತಪಾಸಣೆಗೆ ಒಪ್ಪಿಸಿ, ಒಂದು ಸಲಕ್ಕೆ 5 ವರ್ಷಗಳಂತೆ ನವೀಕರಿಸಿಕೊಳ್ಳಬಹುದು. ಹದಿನೈದು ವರ್ಷ ತುಂಬಿತೆಂಬ ಒಂದೇ ಕಾರಣಕ್ಕೆ ಕರ್ನಾಟಕದಲ್ಲಿ ಸ್ವಂತ ಕಾರು ಅಥವಾ ಜೀಪು ಗುಜರಿಯಾಗುವುದಿಲ್ಲ.

ಎರಡನೆಯದು ಅರ್ಹತಾ ಪತ್ರ. ಜನರ ಬಾಯಲ್ಲಿ 'ಎಫ್‌ಸಿ'. ಇದು ಬಾಡಿಗೆಗೆ ಓಡುವ ವಾಹನಗಳಿಗೆ ಸಂಬಂಧಿಸಿದ್ದು. 1989ರ ಕೇಂದ್ರ ಮೋಟಾರು ವಾಹನಗಳ ನಿಯಮಾವಳಿಯ 62ನೇ ನಿಯಮದಂತೆ ಹೊಸ ವಾಹನಕ್ಕೆ ಮೊದಲು 2 ವರ್ಷಗಳ ಅರ್ಹತಾ ಪತ್ರ ದೊರೆಯುತ್ತದೆ. ವಾಹನಕ್ಕೆ 8 ವರ್ಷ ತುಂಬುವವರೆಗೆ 2 ವರ್ಷಗಳಿಗೊಮ್ಮೆ, ಅನಂತರ ಪ್ರತಿವರ್ಷವೂ ನವೀಕರಣ ಮಾಡಿಸಬೇಕು. ಅರ್ಹತಾ ಪತ್ರವಿಲ್ಲದ ಬಾಡಿಗೆ ವಾಹನವನ್ನು 56ನೇ ಪ್ರಕರಣದ ಪ್ರಕಾರ ನೋಂದಣಿಯೇ ಇಲ್ಲದ ವಾಹನವೆಂದು ಪರಿಗಣಿಸಲಾಗುತ್ತದೆ.

ಮೂರನೆಯದು ರಹದಾರಿ, ಅಂದರೆ ಪರ್ಮಿಟ್. ಹಲವರು ಎಡವುವುದು ಇಲ್ಲಿಯೇ. ಇಂಜಿನು ಸುಸ್ಥಿತಿಯಲ್ಲಿದ್ದು, ಅರ್ಹತಾ ಪತ್ರವೂ ಕೈಯಲ್ಲಿದ್ದರೂ ರಹದಾರಿಯ ವಯೋಮಿತಿ ಬೇರೆಯೇ ಇರಬಹುದು. 1989ರ ನಿಯಮಾವಳಿಯ 82ನೇ ನಿಯಮ ಅಂತರರಾಜ್ಯ ಪ್ರವಾಸಿ ರಹದಾರಿಗೆ ಪ್ರವಾಸಿ ಕಾರಾದರೆ 9 ವರ್ಷ, ಅದಕ್ಕಿಂತ ದೊಡ್ಡ ವಾಹನವಾದರೆ 8 ವರ್ಷ ಎಂಬ ಮಿತಿಯನ್ನು ವಿಧಿಸಿತ್ತು. ಆ ಅವಧಿ ಮುಗಿದ ವಾಹನದ ಬದಲಿಗೆ ಹೊಸ ವಾಹನವನ್ನು ತೋರಿಸದಿದ್ದರೆ ರಹದಾರಿ ತಾನಾಗಿ ಅನೂರ್ಜಿತವಾಗುತ್ತಿತ್ತು. ಹೀಗಾಗಿ ಎಂಟು ವರ್ಷ ದಾಟಿದ ಎಷ್ಟೋ ವ್ಯಾನುಗಳು ದೂರದ ಯಾತ್ರೆ ಬಿಟ್ಟು ರಾಜ್ಯದೊಳಗಿನ ಮದುವೆ ದಿಬ್ಬಣ, ಶಾಲಾ ಪ್ರವಾಸಗಳಿಗೆ ಸೀಮಿತಗೊಳ್ಳುವುದು ವಾಡಿಕೆಯಾಗಿತ್ತು. 2021ರ ಏಪ್ರಿಲ್ 1ರಿಂದ ಅಖಿಲ ಭಾರತ ಪ್ರವಾಸಿ ವಾಹನಗಳಿಗೆ ಅಂತರಜಾಲದ ಮೂಲಕವೇ ರಹದಾರಿ ನೀಡುವ ಪ್ರತ್ಯೇಕ ನಿಯಮಗಳು ಜಾರಿಗೆ ಬಂದವು. 2023ರಲ್ಲಿ ಅವುಗಳ ಜಾಗದಲ್ಲಿ ಪರಿಷ್ಕೃತ ನಿಯಮಗಳು ಬಂದಿವೆ. ಆದುದರಿಂದ ಹಳೆಯ ವಾಹನದ ಮಾಲೀಕರು ಅವರಿವರ ಮಾತು ನಂಬದೆ, ತಮ್ಮ ರಹದಾರಿಯ ಮೇಲೆಯೇ ಮುದ್ರಿತವಾಗಿರುವ ಅವಧಿ ಮತ್ತು ಷರತ್ತುಗಳನ್ನು ಓದಿಕೊಳ್ಳುವುದು ಕ್ಷೇಮ.

ಒಂದೇ ರಸ್ತೆ, ಎರಡು ನ್ಯಾಯ

ಈ ಮೂರೂ ಲೆಕ್ಕಗಳನ್ನು ಮೀರಿದ ಇನ್ನೊಂದು ಮಿತಿ ಸರಕಾರಿ ವಾಹನಗಳಿಗಿದೆ. 2023ರ ಏಪ್ರಿಲ್ 1ರಿಂದ ಕೇಂದ್ರ ಮತ್ತು ರಾಜ್ಯ ಸರಕಾರಗಳ, ರಸ್ತೆ ಸಾರಿಗೆ ಸಂಸ್ಥೆಗಳ ಹಾಗೂ ಸಾರ್ವಜನಿಕ ಉದ್ಯಮಗಳ ವಾಹನಗಳ ನೋಂದಣಿಯನ್ನು 15 ವರ್ಷಗಳ ಬಳಿಕ ನವೀಕರಿಸುವಂತಿಲ್ಲ. ಇಲ್ಲಿ ತಪಾಸಣೆಯ ಪ್ರಶ್ನೆಯೇ ಇಲ್ಲ, ವಯಸ್ಸೇ ಅಂತಿಮ.

ಇದರ ಪರಿಣಾಮವನ್ನು ಬಿ.ಸಿ. ರೋಡ್ - ಉಜಿರೆ ರಸ್ತೆಯಲ್ಲಿ ಕಲ್ಪಿಸಿಕೊಳ್ಳಬಹುದು. ಒಂದೇ ವರ್ಷದಲ್ಲಿ ಒಂದೇ ಕಾರ್ಖಾನೆಯಿಂದ ಹೊರಬಂದ ಎರಡು ಬಸ್ಸುಗಳಲ್ಲಿ ಒಂದು ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯದಾಗಿ, ಇನ್ನೊಂದು ಖಾಸಗಿಯವರದಾದರೆ, ಹದಿನೈದನೇ ವರ್ಷ ಮುಗಿದ ದಿನ ಮೊದಲನೆಯದು ಗುಜರಿ ಸೇರಬೇಕು. ಎರಡನೆಯದು, ರಹದಾರಿಯ ಷರತ್ತು ಅಡ್ಡಿಯಾಗದಿದ್ದರೆ, ವರ್ಷಕ್ಕೊಮ್ಮೆ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತ ಮುಂದುವರಿಯಬಹುದು.

ವಯಸ್ಸನ್ನೇ ಮಾನದಂಡವಾಗಿಸುವುದು ನ್ಯಾಯವೇ ಎಂಬ ಪ್ರಶ್ನೆ ನಾಲ್ಕು ದಶಕಗಳಿಗೂ ಹಿಂದೆಯೇ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಉತ್ತರಪ್ರದೇಶದಲ್ಲಿ ಒಪ್ಪಂದ ವಾಹನಗಳ ರಹದಾರಿಗೆ ಏಳು ವರ್ಷಗಳ ಮಿತಿ ವಿಧಿಸಿದುದನ್ನು ಮಾಲೀಕರು ಪ್ರಶ್ನಿಸಿದ್ದರು. ಸುಭಾಷ್ ಚಂದ್ರ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ 1980ರಲ್ಲಿ ನ್ಯಾಯಾಲಯ, ಪ್ರಯಾಣಿಕರ ಸುರಕ್ಷತೆಯ ದೃಷ್ಟಿಯಿಂದ ಅಂಥ ಷರತ್ತು ಸಮ್ಮತವೆಂದು ಎತ್ತಿಹಿಡಿಯಿತು. 1988ರ ಕಾಯಿದೆ ಬಂದಾಗ ಅದರ 59ನೇ ಪ್ರಕರಣದಲ್ಲಿ ವಾಹನಗಳ ಆಯುಸ್ಸನ್ನು ನಿಗದಿಪಡಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಸ್ಪಷ್ಟವಾಗಿ ಕೊಡಲಾಯಿತು.

ದೆಹಲಿಯತ್ತ ಹೊರಟವರಿಗೆ ಎಚ್ಚರಿಕೆ

ಹರಿದ್ವಾರ, ಬದರಿ ಯಾತ್ರೆಗೆಂದು ವ್ಯಾನು ಹೂಡುವ ತಂಡಗಳು ದೆಹಲಿ ಪ್ರದೇಶದ ಪ್ರತ್ಯೇಕ ನಿರ್ಬಂಧವನ್ನು ತಿಳಿದಿರಬೇಕು. ವಾಯುಮಾಲಿನ್ಯದ ಕಾರಣ 10 ವರ್ಷ ಮೀರಿದ ಡೀಸೆಲ್ ವಾಹನಗಳು ರಾಜಧಾನಿ ವಲಯದಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರ ಏಪ್ರಿಲ್‌ನಲ್ಲಿ ಆದೇಶಿಸಿತ್ತು. ಪೆಟ್ರೋಲ್ ವಾಹನಗಳಿಗೆ 15 ವರ್ಷಗಳ ಮಿತಿಯಿತ್ತು. 2018ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದರ ಪಾಲನೆಗೆ ಆದೇಶ ನೀಡಿತು. 2025ರ ಜುಲೈ 1ರಂದು ಅಂಥ ವಾಹನಗಳಿಗೆ ಇಂಧನವನ್ನೇ ನಿರಾಕರಿಸುವ ಕ್ರಮ ದೆಹಲಿಯಲ್ಲಿ ಆರಂಭವಾಗಿ, ಜನರ ವಿರೋಧದಿಂದ ಕೆಲವೇ ದಿನಗಳಲ್ಲಿ ಸ್ಥಗಿತಗೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ವಯಸ್ಸೊಂದನ್ನೇ ನೋಡಿ ಬಲವಂತದ ಕ್ರಮ ಬೇಡವೆಂದ ನ್ಯಾಯಾಲಯ, ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿ.ಎಸ್. 4 ಮತ್ತು ಅನಂತರದ ವಾಹನಗಳಿಗೆ ಸೀಮಿತಗೊಳಿಸಿತು.

ಬಿ.ಎಸ್. 4 ಮಾನಕ ದೇಶದಾದ್ಯಂತ ಕಡ್ಡಾಯವಾದದ್ದು 2017ರ ಏಪ್ರಿಲ್‌ನಿಂದ, ಬಿ.ಎಸ್. 6 ಬಂದದ್ದು 2020ರ ಏಪ್ರಿಲ್‌ನಿಂದ. ವಾಹನ ಯಾವ ವರ್ಷದ್ದು ಎಂಬುದಕ್ಕಿಂತ ಯಾವ ಮಾನಕದ್ದು ಎಂಬುದು ಇಲ್ಲಿ ಮುಖ್ಯವಾಯಿತೆಂಬುದನ್ನು ಗಮನಿಸಬೇಕು. ಅಳತೆಗೋಲು ವಯಸ್ಸಿನಿಂದ ಹೊಗೆಯತ್ತ ಸರಿದಿದೆ.

ಹಳೆಯ ಬಸ್ಸನ್ನು ಮನೆ ಮಾಡಬಹುದೇ?

ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿ, 2022ರಲ್ಲಿ ವಾಗಮಣ್‌ನಲ್ಲಿ ಮೊದಲ ಕ್ಯಾರವಾನ್ ತಾಣವನ್ನು ತೆರೆಯಿತು. ಕರಾವಳಿಯಲ್ಲೂ ಹಳೆಯ ವ್ಯಾನನ್ನು ಕೊಂಡು, ಒಳಗೆ ಮಂಚ, ಒಲೆ, ನೀರಿನ ತೊಟ್ಟಿ ಕೂಡಿಸಿ ಸಂಸಾರ ಸಮೇತ ಸುತ್ತುವ ಕನಸು ಯುವಕರಲ್ಲಿ ಕಾಣಿಸಿಕೊಂಡಿದೆ. ಆದರೆ ಕನಸಿಗೂ ಕಾನೂನಿನ ಮಿತಿಯಿದೆ.

ಕಾಯಿದೆಯ 52ನೇ ಪ್ರಕರಣದಂತೆ, ತಯಾರಕರು ನಿಗದಿಪಡಿಸಿ ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಖಚಿತಪಡಿಸಿದೆ. ಹದಿನಾರು ಆಸನಗಳೆಂದು ನೋಂದಣಿಯಾದ ವ್ಯಾನಿನ ಆಸನ ಕಿತ್ತು ಅಡುಗೆಮನೆ ಕಟ್ಟಿಸಿದರೆ, ಅದು ಎಷ್ಟೇ ಅಂದವಾಗಿದ್ದರೂ ಅನುಮತಿಯಿಲ್ಲದೆ ಮಾಡಿದ್ದಾದರೆ ಅಕ್ರಮವೇ. ಸಂಚಾರಿ ಮನೆಗಳಿಗೆ ಎ.ಐ.ಎಸ್. 124 ಎಂಬ ಪ್ರತ್ಯೇಕ ತಾಂತ್ರಿಕ ಮಾನಕವಿದೆ. ಕೇಂದ್ರದ 'ವಾಹನ್' ದಾಖಲೆ ವ್ಯವಸ್ಥೆಯಲ್ಲಿ ಬಾಡಿಗೆಯ ಕ್ಯಾಂಪರ್ ವ್ಯಾನಿಗೂ ಸ್ವಂತ ಬಳಕೆಯ ಕ್ಯಾಂಪರ್ ವ್ಯಾನಿಗೂ ಬೇರೆ ಬೇರೆ ವರ್ಗಗಳಿವೆ. ಸ್ವಂತ ಬಳಕೆಯದಾದರೆ 15 ವರ್ಷಗಳ ನೋಂದಣಿಯ ಲೆಕ್ಕ ನಡೆಯುತ್ತದೆ. ಬಾಡಿಗೆಯದಾದರೆ ಅರ್ಹತಾ ಪತ್ರದ ಲೆಕ್ಕ. ಹಳೆಯ ವಾಹನವನ್ನು ಕೊಳ್ಳುವ ಮೊದಲೇ ಈ ವ್ಯತ್ಯಾಸವನ್ನು ಅರಿತುಕೊಳ್ಳದಿದ್ದರೆ ಹಣ ಸುರಿದ ಮೇಲೆ ಪಶ್ಚಾತ್ತಾಪ ಪಡಬೇಕಾದೀತು.

ಶುಲ್ಕವೇ ನಿರ್ಬಂಧ

ಹಳೆಯ ವಾಹನವನ್ನು ನೇರವಾಗಿ ನಿಷೇಧಿಸದೆ, ಅದನ್ನು ಇಟ್ಟುಕೊಳ್ಳುವುದನ್ನು ದುಬಾರಿಯಾಗಿಸುವುದು ಸರಕಾರದ ಇನ್ನೊಂದು ದಾರಿ. 2021ರ ಆಗಸ್ಟ್ 13ರಂದು ವಾಹನ ಗುಜರಿ ನೀತಿಗೆ ಚಾಲನೆ ದೊರೆತ ಬಳಿಕ ಶುಲ್ಕಗಳು ತೀವ್ರವಾಗಿ ಏರಿವೆ. 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ, ದ್ವಿಚಕ್ರ ವಾಹನದ ಶುಲ್ಕ 300 ರೂಪಾಯಿಗಳಿಂದ 1,000 ರೂಪಾಯಿಗಳಿಗೆ ಏರಿತು. ಅದೇ ವಯಸ್ಸಿನ ಬಸ್ಸು, ಲಾರಿಗಳ ಅರ್ಹತಾ ಪತ್ರದ ಶುಲ್ಕ 1,500 ರೂಪಾಯಿಗಳಿಂದ 12,500 ರೂಪಾಯಿಗಳಿಗೆ ಜಿಗಿಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನು 10,000 ರೂಪಾಯಿಗಳಿಗೆ ಹೆಚ್ಚಿಸಲಾಯಿತು. ಇದಲ್ಲದೆ ರಾಜ್ಯದ ಹಸಿರು ತೆರಿಗೆಯೂ ಇದೆ.

ವಿಳಂಬವೂ ದುಬಾರಿ. ಅರ್ಹತಾ ಪತ್ರದ ಅವಧಿ ಮುಗಿದ ಬಳಿಕ ದಿನಕ್ಕೆ 50 ರೂಪಾಯಿಗಳಂತೆ ಹೆಚ್ಚುವರಿ ಶುಲ್ಕ ಸೇರುತ್ತದೆ. ಮಳೆಗಾಲದಲ್ಲಿ ಬಾಡಿಗೆಯಿಲ್ಲವೆಂದು ಎರಡು ತಿಂಗಳು ವಾಹನವನ್ನು ಅಂಗಳದಲ್ಲಿ ನಿಲ್ಲಿಸಿ ಮರೆತರೆ 3,000 ರೂಪಾಯಿಗಳ ಹೊರೆ. ಮತ್ತೊಂದೆಡೆ, ನೋಂದಾಯಿತ ಗುಜರಿ ಕೇಂದ್ರಕ್ಕೆ ವಾಹನ ಒಪ್ಪಿಸಿ ಠೇವಣಿ ಪತ್ರ ಪಡೆದವರಿಗೆ ಹೊಸ ವಾಹನದ ತೆರಿಗೆಯಲ್ಲಿ ರಿಯಾಯಿತಿ ನೀಡಲು ಕೇಂದ್ರದ ನಿಯಮ ಅವಕಾಶ ಕಲ್ಪಿಸಿದೆ: ಸ್ವಂತ ವಾಹನಕ್ಕೆ ಶೇ. 25ರವರೆಗೆ, ಬಾಡಿಗೆ ವಾಹನಕ್ಕೆ ಶೇ. 15ರವರೆಗೆ.

ಈ ಲೆಕ್ಕದಲ್ಲಿ ಹತ್ತಾರು ಬಸ್ಸುಗಳ ಮಾಲೀಕ ಹೇಗೋ ತೂಗಿಸಿಕೊಳ್ಳುತ್ತಾನೆ. ಸಾಲ ತೀರಿಸಿ, ಈಗಷ್ಟೇ ಲಾಭ ಕಾಣತೊಡಗಿದ ಒಂದೇ ವ್ಯಾನಿನ ಮಾಲೀಕನಿಗೆ ಮಾತ್ರ ಎಂಟನೆಯ ವರ್ಷವೂ ಹದಿನೈದನೆಯ ವರ್ಷವೂ ಎರಡು ಕಂದಕಗಳಂತೆ ಎದುರಾಗುತ್ತವೆ.

ಘಾಟಿ ಕೇಳುವ ಪ್ರಶ್ನೆ

ಹಾಗಾದರೆ ವಯಸ್ಸಿನ ಮಿತಿಯೇ ಬೇಡವೇ? ಈ ಮೂರು ತಾಲೂಕುಗಳ ರಸ್ತೆಗಳನ್ನು ನೋಡಿದವರು ಅಷ್ಟು ಸುಲಭವಾಗಿ ಹಾಗೆನ್ನಲಾರರು. ಬಿ.ಸಿ. ರೋಡ್‌ನಿಂದ ಬೆಳ್ತಂಗಡಿ, ಉಜಿರೆ ಮಾರ್ಗವಾಗಿ ಸಾಗುವ ರಾಷ್ಟ್ರೀಯ ಹೆದ್ದಾರಿ 73 ಚಾರ್ಮಾಡಿ ಘಾಟಿಯ ತಿರುವುಗಳನ್ನೇರಿ ಕೊಟ್ಟಿಗೆಹಾರ ತಲುಪುತ್ತದೆ. ಮೂಡುಬಿದಿರೆಯ ಮೂಲಕ ಸಾಗುವ ಹೆದ್ದಾರಿ 169 ಕಾರ್ಕಳ ದಾಟಿ ಮಲೆನಾಡಿನತ್ತ ಹೊರಳುತ್ತದೆ. ಇಳಿಜಾರಿನಲ್ಲಿ ನಿರಂತರ ಬ್ರೇಕು ಒತ್ತಿದಾಗ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸವೆದ ಟೈರು ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಕರಾವಳಿಯ ಧಾರಾಕಾರ ಮಳೆ ಮತ್ತು ತೇವದ ಗಾಳಿಗೆ ತಳದ ಚೌಕಟ್ಟು, ಬ್ರೇಕಿನ ಕೊಳವೆಗಳು ಒಳಗಿಂದೊಳಗೇ ತುಕ್ಕು ಹಿಡಿಯುತ್ತವೆ. ಹೊರಗೆ ಬಳಿದ ಹೊಸ ಬಣ್ಣಕ್ಕೆ ಇದನ್ನು ಮರೆಮಾಚಲು ಮಾತ್ರ ಸಾಧ್ಯ.

ಆದರೆ ಘಾಟಿಯ ನಿರ್ಬಂಧಗಳು ವಯಸ್ಸನ್ನು ಆಧರಿಸಿಲ್ಲ ಎಂಬುದೂ ಗಮನಾರ್ಹ. 2019ರ ಆಗಸ್ಟ್‌ನ ಭೂಕುಸಿತದ ಬಳಿಕ ಚಾರ್ಮಾಡಿಯಲ್ಲಿ ಸಂಚಾರ ನಿಂತು, ಮತ್ತೆ ತೆರೆದಾಗ ಮೊದಲು ಅವಕಾಶ ದೊರೆತದ್ದು ಲಘು ವಾಹನಗಳಿಗೆ. ರಸ್ತೆ ಕೇಳಿದ್ದು ತೂಕವನ್ನು, ಗಾತ್ರವನ್ನು, ತಯಾರಿಕೆಯ ವರ್ಷವನ್ನಲ್ಲ. ಐದು ವರ್ಷದ ವಾಹನವೂ ನಿರ್ಲಕ್ಷ್ಯಕ್ಕೊಳಗಾದರೆ ಅಪಾಯಕಾರಿ. ಇಪ್ಪತ್ತು ವರ್ಷದ ವಾಹನವೂ ಆರೈಕೆ ಪಡೆದರೆ ಘಾಟಿ ಇಳಿದೀತು.

ಇದನ್ನು ನಿರ್ಧರಿಸಬೇಕಾದುದು ನಿಷ್ಠುರವಾದ ತಪಾಸಣೆ. ಕಣ್ಣಂದಾಜಿನ ಬದಲು ಯಂತ್ರಗಳ ಮೂಲಕ ಬ್ರೇಕು, ಹೊಗೆ, ದೀಪ, ಚಾಲನಾ ಚಕ್ರಗಳನ್ನು ಪರೀಕ್ಷಿಸುವ ಸ್ವಯಂಚಾಲಿತ ಕೇಂದ್ರಗಳನ್ನು ಕಡ್ಡಾಯಗೊಳಿಸುವ ನಿಯಮ ಬಂದಿರುವುದು ಇದೇ ಉದ್ದೇಶದಿಂದ. 2023ರ ಏಪ್ರಿಲ್‌ನಿಂದ ಜಾರಿಗೆ ಬರಬೇಕಿದ್ದ ಈ ನಿಯಮವನ್ನು 2024ರ ಅಕ್ಟೋಬರ್ 1ಕ್ಕೆ ಮುಂದೂಡಲಾಗಿತ್ತು. ಯಂತ್ರದ ಮುಂದೆ ಎಲ್ಲ ವಾಹನಗಳೂ ಸಮಾನ. ಅಲ್ಲಿ ಸೋತ ಹೊಸ ವಾಹನವೂ ಹೊರಗೆ, ಗೆದ್ದ ಹಳೆಯ ವಾಹನವೂ ಒಳಗೆ. ಅಂಥ ತಪಾಸಣೆ ಎಲ್ಲ ಊರಿಗೂ ತಲುಪಿದಷ್ಟೂ ವಯಸ್ಸಿನ ಮಿತಿಯ ಅಗತ್ಯ ಕಡಿಮೆಯಾಗುತ್ತ ಹೋಗುತ್ತದೆ.

ಅಪಘಾತವಾದರೆ ಹೊಣೆ ಯಾರದು?

ರಹದಾರಿಯ ಅವಧಿ ಮುಗಿದ ವಾಹನ 'ಹೇಗೂ ಓಡುತ್ತದಲ್ಲ' ಎಂಬ ಧೈರ್ಯದಲ್ಲಿ ಯಾತ್ರೆಗೆ ಹೊರಡುವುದುಂಟು. ಇದರ ನಿಜವಾದ ಅಪಾಯ ದಂಡವಲ್ಲ. 2018ರ ಮೇ ತಿಂಗಳಲ್ಲಿ ಅಮೃತ್ ಪಾಲ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ರಹದಾರಿಯಿಲ್ಲದೆ ವಾಹನ ಓಡಿಸುವುದು ವಿಮಾ ಕರಾರಿನ ಮೂಲಭೂತ ಉಲ್ಲಂಘನೆ ಎಂದು ಹೇಳಿತು. ಅಂಥ ಸಂದರ್ಭದಲ್ಲಿ ವಿಮಾ ಸಂಸ್ಥೆ ಸಂತ್ರಸ್ತರಿಗೆ ಪರಿಹಾರ ನೀಡಿ, ಆ ಮೊತ್ತವನ್ನು ವಾಹನದ ಮಾಲೀಕನಿಂದ ವಸೂಲು ಮಾಡಬಹುದು. ಒಂದು ಅಪಘಾತದ ಪರಿಹಾರ ಮೊತ್ತ ಲಕ್ಷಗಟ್ಟಲೆಯಾದರೆ, ವ್ಯಾನು ಮಾತ್ರವಲ್ಲ, ಮನೆ-ತೋಟವೂ ಕೈಬಿಡುವ ಸ್ಥಿತಿ ಬರಬಹುದು.

ಯಾತ್ರೆಗೆ ವಾಹನ ಗೊತ್ತುಮಾಡುವವರೂ ಬಾಡಿಗೆಯ ದರವನ್ನಷ್ಟೇ ಕೇಳಿ ಸುಮ್ಮನಾಗಬಾರದು. ವಾಹನದ ಸಂಖ್ಯೆ ನಮೂದಿಸಿದರೆ ಅರ್ಹತಾ ಪತ್ರ, ವಿಮೆ ಮತ್ತು ಹೊಗೆ ತಪಾಸಣೆಯ ಅವಧಿಯನ್ನು ಸರಕಾರದ ಪರಿವಾಹನ್ ಸೇವೆಯಲ್ಲಿ ನೋಡಿಕೊಳ್ಳಬಹುದು. ರಹದಾರಿಯ ಪ್ರತಿಯನ್ನು ಮಾಲೀಕರಿಂದ ಕೇಳಿ ಪಡೆಯಬಹುದು. ಟೈರಿನ ಸವೆತ, ತುರ್ತು ಬಾಗಿಲು, ಬೆಂಕಿ ನಂದಿಸುವ ಉಪಕರಣ ಇವುಗಳನ್ನು ಹೊರಡುವ ಮುನ್ನ ಕಣ್ಣಾರೆ ನೋಡಿಕೊಳ್ಳಲು ಐದು ನಿಮಿಷ ಸಾಕು.

ಐವತ್ತು ದಾಟಿದರೆ ಗೌರವ

ವಾಹನದ ವಯಸ್ಸಿನ ಈ ಕಥೆಗೆ ಒಂದು ವಿಚಿತ್ರ ತಿರುವೂ ಇದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ಸ್ವಂತ ಬಳಕೆಯ ವಾಹನಗಳನ್ನು 'ವಿಂಟೇಜ್' ಎಂದು ಗುರುತಿಸಿ ಪ್ರತ್ಯೇಕ ಸಂಖ್ಯೆ ನೀಡುವ ನಿಯಮವನ್ನು ಕೇಂದ್ರ ಸರಕಾರ 2021ರ ಜುಲೈನಲ್ಲಿ ಪ್ರಕಟಿಸಿತು. ಅಂಥವುಗಳನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ; ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ ಕೊಂಡೊಯ್ಯಬಹುದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಆಶ್ರಯದಲ್ಲಿರುವ ಹಳೆಯ ಕಾರುಗಳ ಸಂಗ್ರಹವನ್ನು ಯಾತ್ರಿಕರು ಬೆರಗಿನಿಂದ ನೋಡಿ ಹೋಗುತ್ತಾರೆ. ಜತನದಿಂದ ಕಾಪಾಡಿದರೆ ವಾಹನ ಎಷ್ಟು ಕಾಲ ಉಳಿಯಬಲ್ಲದು ಎಂಬುದಕ್ಕೆ ಆ ಕಾರುಗಳೇ ಸಾಕ್ಷಿ.

ಅವುಗಳನ್ನು ನೋಡಿ ಹೊರಬಂದ ಯಾತ್ರಿಕ ಮತ್ತೆ ಹತ್ತುವುದು ನಿಲುಗಡೆಯ ಜಾಗದಲ್ಲಿ ಕಾಯುತ್ತಿರುವ ತನ್ನ ಹಳೆಯ ವ್ಯಾನನ್ನು. ಅದಕ್ಕೆ ಎಷ್ಟು ವರ್ಷವಾಯಿತೆಂಬುದು ಕಾಗದದಲ್ಲಿದೆ. ಅದರ ಬ್ರೇಕು ಹೇಗಿದೆಯೆಂಬುದು ತಪಾಸಣೆಯಿಂದ ಮಾತ್ರ ತಿಳಿಯುತ್ತದೆ. ಘಾಟಿ ಹತ್ತುವ ಮುನ್ನ ಎರಡೂ ಸರಿಯಾಗಿರಬೇಕು.